ಕೇಬಲ್ ಕಿತ್ತಾಗ

ತಂಗಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಹಣೆಗೆ ಹೊಲಿಗೆ ಹಾಕಿಸಿ, ಮನೆಗೆ ಬಿಟ್ಟು, ನೆಟ್ಟಗೆ ಆಫೀಸಿಗೆ ಬಂದಿದ್ದಳು. ಮೂರ್ಛೆ ರೋಗದ ಅಕ್ಕ ಮಾತ್ರೆ ತಪ್ಪಿಸುವಂತಿಲ್ಲ. ತಪ್ಪಿತ್ತು, ಬಚ್ಚಲಲ್ಲಿ ಬಿದ್ದಿದ್ದಳು. ಮಾತ್ರೆ ನೆನಪಿಸಬೇಕಾದ ಆ್ಯಪ್ ಯಾರದು? ತಂಗಿಯೇ ಕೂತು ಬರೆದದ್ದು!

"ಅದು ಹೊಡ್ಕೊಳ್ಳಲೇ ಇಲ್ಲ ಕಣೇ," ಅಂದಿದ್ದಳು ಅಕ್ಕ. ಬೈದಿದ್ದರೆ ವಾಸಿಯಿತ್ತು.

ಆ್ಯಪ್ ಒಳಗೆ ಬರೀ ಒಂದು ವೆಬ್ ಪುಟ. ಒಂದು ಸಲ ಬರೆದರೆ ಎಲ್ಲ ತರಹದ ಫೋನಿನಲ್ಲೂ ಓಡುತ್ತದೆ, ನಿಜ. ಆದರೆ ಫೋನ್ ಮಲಗಿತೋ, ಪುಟವೂ ಮಲಗುತ್ತದೆ, ಅದರ ಗಡಿಯಾರವೂ ಮಲಗುತ್ತದೆ. ಫೋನಿನ ಸ್ವಂತ ಅಲಾರಮ್ಮನ್ನೇ ಬಳಸಬೇಕಾದರೆ ಅದಕ್ಕೊಂದು ಪ್ಲಗಿನ್, ಅಂದರೆ ಪುಟಕ್ಕೂ ಫೋನಿಗೂ ಕೊಂಡಿಯಾಗುವ ಕೋಡಿನ ತುಂಡು, ಜೋಡಿಸಬೇಕು. ಇದನ್ನು ಮ್ಯಾನೇಜರಿಗೆ ಬಾಯಿ ನೋಯುವಷ್ಟು ಹೇಳಿದ್ದಳು. ಆಫೀಸಿನವರು ಅವನಿಗಿಟ್ಟ ಹೆಸರು ಡೆಮೋ ರಾಯ.

"ಬೇರೆಯವರ ಕೈಲಿ ಹಾಕಿಸಿದೀನಿ, ತಲೆ ಬಿಸಿ ಮಾಡ್ಕೋಬೇಡ," ಅಂದಿದ್ದ ಹೋದ ವಾರ. ಅದನ್ನು ನಂಬಿ ತಂಗಿ ಅಕ್ಕನ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದಳು. ಈಗ ಕೋಡ್ ತೆಗೆದು ನೋಡಿದರೆ ಪ್ಲಗಿನ್ನಿನ ಸುಳಿವೇ ಇಲ್ಲ. ಹಸೀ ಸುಳ್ಳು!

"ನಮ್ಮ ಫೋನಲ್ಲೆಲ್ಲ ಹೊಡ್ಕೊಳ್ತಿದೆಯಲ್ಲಮ್ಮ," ಅಂದ, ಕೇಳಿದ್ದಕ್ಕೆ.

ಹೊಡೆದುಕೊಳ್ಳದೆ ಏನು? ಪರೀಕ್ಷೆಯ ಫೋನುಗಳೆಲ್ಲ ಹಗಲಿಡೀ ಕೇಬಲ್ಲಿಗೆ ನೇತುಬಿದ್ದಿರುತ್ತವೆ. ಕೇಬಲ್ ಇರುವತನಕ ಪರದೆ ಆರದಂತೆ ಸೆಟ್ಟಿಂಗ್ ಬೇರೆ. ಪದೇ ಪದೇ ಲಾಕ್ ತೆಗೆಯುವ ರಗಳೆ ಯಾರಿಗೆ ಬೇಕು? ನಿದ್ದೆಯನ್ನೇ ಕಾಣದ ಫೋನಿನ ಮೇಲೆ ಪರೀಕ್ಷೆ ಮಾಡಿ ಪಾಸ್ ಎಂದು ಬರೆದಿದ್ದರು ಪುಣ್ಯಾತ್ಮರು.

"ಅಕ್ಕ ಹುಷಾರಾಗ್ತಾರೆ ಬಿಡು," ಅಂದ ಡೆಮೋ ರಾಯ. "ಈಗ ಮುಖ ಗಂಟಿಕ್ಕಬೇಡ, ಡಾಕ್ಟರಮ್ಮ ಬಂದು ಕೂತಿದಾರೆ."

ಆಸ್ಪತ್ರೆಯ ರೋಗಿಗಳಿಗೆಲ್ಲ ಈ ಆ್ಯಪ್ ಕೊಡಬಹುದೇ ಎಂದು ತೀರ್ಮಾನಿಸಲು ಬಂದಿದ್ದ ಹಿರಿಯ ಡಾಕ್ಟರು ಅವರು. ಡೆಮೋ ರಾಯ ಹಲ್ಲು ಕಿರಿಯುತ್ತ ಅಲಾರಂ ಇಟ್ಟ. ಫೋನು ಎಂದಿನಂತೆ ಕೇಬಲ್ಲಿನಲ್ಲಿತ್ತು. ಹೊತ್ತಿಗೆ ಸರಿಯಾಗಿ ಟ್ರಿಣ್ ಎಂದಿತು. ಡಾಕ್ಟರು ತಲೆಯಾಡಿಸಿದರು.

ತಂಗಿ ಎದ್ದಳು. ಇನ್ನೊಂದು ಅಲಾರಂ ಇಟ್ಟು, ಕೇಬಲ್ ಕಿತ್ತು, ಪರದೆ ಆರಿಸಿ ಫೋನನ್ನು ಡಾಕ್ಟರ ಮುಂದಿಟ್ಟಳು.

"ರೋಗಿಗಳು ಫೋನನ್ನ ಹೀಗೇ ತಾನೇ ಇಟ್ಕೊಳ್ಳೋದು ಮೇಡಂ? ಸ್ವಲ್ಪ ಕಾಯಿರಿ."

ಹೊತ್ತು ಬಂತು. ಹೊತ್ತು ದಾಟಿತು. ಫೋನು ಕಲ್ಲಿನ ಹಾಗೆ ಬಿದ್ದಿತ್ತು. ಡಾಕ್ಟರು ಗೋಡೆ ಗಡಿಯಾರ ನೋಡಿದರು, ಆಮೇಲೆ ಡೆಮೋ ರಾಯನನ್ನು.

"ಏನ್ ಮಾಡ್ತಿದೀಯ ನೀನು? ಕೇಬಲ್ ಹಾಕು ಮೊದಲು!" ಹಲ್ಲು ಕಡಿದ ಅವನು.

ತಂಗಿ ಕೇಬಲ್ ಸುತ್ತಿ ಅವನ ಕೈಗೇ ಇಟ್ಟಳು.

"ಮಾತ್ರೆ ಹೊತ್ತಲ್ಲಿ ನಮ್ಮಕ್ಕನ ಫೋನಿಗೆ ಇದನ್ನ ಹಾಕೋರು ಯಾರೂ ಇರ್ಲಿಲ್ಲ ಸಾರ್."