ಹಸ್ತದ ಚಿತ್ರದ ಕೆಳಗೆ ಉರಿದ ಕೆಂಪು ದೀಪ

ಝಗ್ವಾನ್ ಬೆಟ್ಟದ ಮೇಲಿನ ಆ ಊರಿನಲ್ಲಿ ಲಸ್ಸಾದನ ಮೋಟರ್‌ಸೈಕಲ್ಲಿಗೆ ಅವನಷ್ಟೇ ವಯಸ್ಸು. ಬಾಗಿಲು ಕಿರುಗುಟ್ಟಿದರೂ ಮಂಡಿ ನೋವು ಬಂದರೂ ಆಲಿವ್ ಎಣ್ಣೆ ಹಚ್ಚುವ ಊರದು. ಕೆಟ್ಟ ಕಣ್ಣು ಬೀಳಬಾರದಲ್ಲ, ಅದಕ್ಕೆ ಗಾಡಿಗೆ ಐದು ಬೆರಳ ಹಸ್ತದ ಚಿತ್ರ ಅಂಟಿಸದೆ ಯಾರೂ ರಸ್ತೆಗಿಳಿಯುವುದಿಲ್ಲ. ಲಸ್ಸಾದನೂ ಅಂಟಿಸಿದ್ದ. ಎಲ್ಲಿ ಅಂತೀರಿ? ಹ್ಯಾಂಡಲ್ ನಡುವೆ, ಬ್ರೇಕ್ ಕೆಟ್ಟರೆ ಸವಾರನನ್ನು ಎಚ್ಚರಿಸುವ ಕೆಂಪು ದೀಪದ ಮೇಲೆಯೇ.

ಅವನ ಹೆಂಡತಿ ಸಾಲ್ಹಾಗೆ ಎಂಟು ತಿಂಗಳು ತುಂಬಿತ್ತು. ಅಂದು ಬೆಟ್ಟ ಇಳಿದು ಆಸ್ಪತ್ರೆಗೆ ಹೋಗಬೇಕಿತ್ತು. ಹಿಂದಿನ ಸೀಟು ಹತ್ತಲು ಯಾಕೋ ಅವಳಿಗೆ ಮನಸ್ಸಾಗಲಿಲ್ಲ.

"ಲಸ್ಸಾದ್, ಆ ದೀಪ ಇನ್ನೂ ಉರೀತಿದೆಯಾ?"

"ಇಳಿಜಾರಲ್ಲಿ ಉರಿಯುತ್ತೆ, ಚಿತ್ರದ ಅಂಚಲ್ಲಿ ಕೆಂಪು ಕಾಣುತ್ತೆ. ಏರಲ್ಲಿ ಆರುತ್ತೆ. ವೈರ್ ಸಡಿಲ ಆಗಿರಬೇಕು. ಮುದಿ ಗಾಡಿ, ಏನೋ ಗೊಣಗುತ್ತೆ ಬಿಡು."

"ನಿಮ್ಮಮ್ಮ ಗೊಣಗಿದ್ರೆ ಓಡಿ ಹೋಗಿ ಕೇಳ್ತೀಯ. ಇದನ್ನೂ ಸ್ವಲ್ಪ ಕೇಳು."

ಪಕ್ಕದ ಮನೆಯ ರಿದಾ ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಬೆಟ್ಟದ ಊರುಗಳಿಗೆಲ್ಲ ಮೋಟರ್‌ಸೈಕಲ್ಲಿನಲ್ಲೇ ಅಂಚೆ ಹಂಚಿ ನಿವೃತ್ತನಾದವನು. ಲೋಟ ಕೆಳಗಿಟ್ಟು ಎದ್ದು ಬಂದ.

"ಇಳಿಜಾರಲ್ಲಿ ಮಾತ್ರ ಉರಿಯುತ್ತಾ? ಹಾಗಾದ್ರೆ ವೈರ್ ಆಮೇಲೆ. ಮೊದಲು ಹ್ಯಾಂಡಲ್ ಮೇಲಿನ ಡಬ್ಬಿ ನೋಡು. ಬ್ರೇಕ್ ಎಣ್ಣೆ ಕಮ್ಮಿ ಇದ್ರೆ ಇಳಿಯುವಾಗ ಒಂದು ಕಡೆಗೆ ಸರಿಯುತ್ತೆ, ದೀಪ ಹತ್ತುತ್ತೆ."

ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡಿದರು. ಎಣ್ಣೆ ಕೆಳಗಿನ ಗೆರೆಯನ್ನೂ ದಾಟಿ ಇಳಿದಿತ್ತು.

"ಇಷ್ಟೇನಾ ರಿದಾ ಅಣ್ಣ? ನಮ್ಮನೇಲಿ ಎಣ್ಣೆಗೇನು ಬರ," ಎಂದು ಲಸ್ಸಾದ್ ಒಳಗೆ ಹೊರಟ.

ರಿದಾ ತಡೆದ. "ಅದನ್ನ ಸೊಪ್ಪಿನ ಮೇಲೆ ಸುರ್ಕೊಂಡು ತಿನ್ನು. ಇಲ್ಲಿ ಹಾಕಿದ್ರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಕೈಕೊಡುತ್ತೆ. ಮುಚ್ಚಳದ ಮೇಲೆ ಬರೆದಿರೋ ಎಣ್ಣೇನೇ ಆಗಬೇಕು, ಅದೂ ಸೀಲ್ ಒಡೆಯದ್ದು. ಇರಲಿ, ಇದ್ದ ಎಣ್ಣೆ ಎಲ್ಲಿ ಹೋಯ್ತು ಅಂತ ನೋಡೋಣ."

ಪೈಪು ಎಲ್ಲೂ ಸೋರಿರಲಿಲ್ಲ. ರಿದಾ ಮುಂದಿನ ಚಕ್ರದ ಬಳಿ ಬಗ್ಗಿ ಟಾರ್ಚ್ ಬಿಟ್ಟ. ಬ್ರೇಕ್ ಪ್ಯಾಡು ಸವೆದು ಸವೆದು ಕಬ್ಬಿಣವೇ ಡಿಸ್ಕಿಗೆ ತಾಗುವಷ್ಟರಲ್ಲಿತ್ತು.

"ಪ್ಯಾಡು ಸವೆದಂಗೆಲ್ಲ ಎಣ್ಣೆ ಇಳಿಯುತ್ತೆ. ದೀಪ ಹೇಳ್ತಿದ್ದಿದ್ದು ಅದನ್ನೇ. ಎಣ್ಣೆ, ಪ್ಯಾಡು ಎರಡೂ ಸರಿ ಇದ್ದಿದ್ರೆ ಆಗ ವೈರ್ ಹುಡುಕಬಹುದಿತ್ತು."

ಸಾಲ್ಹಾಗೆ ಹೋದ ವಾರದ ಕುರಿಮಂದೆ ನೆನಪಾಯಿತು. ಇದೇ ಇಳಿಜಾರಿನಲ್ಲಿ ಅಡ್ಡ ಬಂದಿತ್ತು. ಗಾಡಿ ನಿಂತದ್ದು ಕೊನೆಯ ಕುರಿಗೆ ತಾಗಿಕೊಂಡೇ. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಭಯವೂ ಆಯಿತು, ಸಿಟ್ಟೂ ಬಂತು.

"ಗೊತ್ತಿದ್ದೂ ಮುಚ್ಚಿಟ್ಟೆಯಲ್ಲ."

"ಕಣ್ಣಿಗೆ ಚುಚ್ತಿತ್ತು. ಹೇಗೂ ಹಸ್ತ ಕಾಯುತ್ತಲ್ಲ ಅಂದ್ಕೊಂಡೆ," ಎಂದು ಲಸ್ಸಾದ್ ತಲೆ ತಗ್ಗಿಸಿದ.

"ಕಾಯಲಿ, ಬೇಡ ಅಂದವರಾರು? ದೀಪ ಇರೋದೂ ಕಾಯೋಕೇ," ಎಂದಳು ಸಾಲ್ಹಾ.

ಅಂದು ಗಂಡ ಹೆಂಡತಿ ಬಾಡಿಗೆ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದರು. ಬರುವಾಗ ಹೊಸ ಪ್ಯಾಡು, ಎಣ್ಣೆಯ ಜೊತೆ ಮೆಕ್ಯಾನಿಕ್‌ನನ್ನೂ ಕರೆತಂದರು. ಕೆಲಸ ಮುಗಿದ ಮೇಲೆ ಸಾಲ್ಹಾ ಹಸ್ತದ ಚಿತ್ರವನ್ನು ಮೆಲ್ಲಗೆ ಕಿತ್ತು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿದಳು. ಲಸ್ಸಾದ್ ಒಬ್ಬನೇ ಇಳಿಜಾರಿಗೆ ಹೋಗಿ ಬಂದ. ದೀಪ ಉರಿಯಲಿಲ್ಲ.

ನಿಮ್ಮ ಗಾಡಿಯ ದೀಪದ ಮೇಲೆ ಏನು ಅಂಟಿಸಿದ್ದೀರಿ? ಇವತ್ತೇ ತೆಗೆಯಿರಿ. ಕೆಂಪು ಉರಿದರೆ ಗಾಡಿ ನಿಲ್ಲಿಸಿ. ಎಣ್ಣೆ, ಸೋರಿಕೆ, ಪ್ಯಾಡು ನೋಡಿ, ಬಲ್ಲವರಿಗೆ ತೋರಿಸಿ. ನಿಮ್ಮ ಬೆನ್ನಿಗೆ ಆತು ಕೂತವರಿಗೆ ಆ ದೀಪ ಕಾಣುವುದಿಲ್ಲ. ಅವರ ಪಾಲಿಗೆ ಅದನ್ನು ನೋಡಬೇಕಾದವರು ನೀವೇ.