ರೇಖೆಯ ನಡುವೆ ಉಳಿದ ಮರ

ಗುಡ್ಡದ ನೆತ್ತಿಯಲ್ಲಿ ಜೀಪು ನಿಂತರೂ ನಿವೃತ್ತ ಕಾವಲುಗಾರರು ಇಳಿಯಲಿಲ್ಲ. ಮೂಡಣ ಇಳಿಜಾರಿನ ಅರ್ಧ ಭಾಗ ಕಪ್ಪಾಗಿ ಹೋಗಿತ್ತು. ನಿನ್ನೆಯವರೆಗೆ ದಟ್ಟ ಕಾಡಿದ್ದಲ್ಲಿ ಬೋಳು ಬೊಡ್ಡೆಗಳು ಹೊಗೆಯಾಡುತ್ತಿದ್ದವು. ಈಗ ಅಲ್ಲಿಯ ಕಾವಲುಗಾರ್ತಿಯಾಗಿರುವ ಅವರ ಮಗಳು ಬಾಗಿಲು ತೆರೆದು ಹಿಡಿದಳು.

“ಇದು ಬೇರೆ ಯಾವುದೋ ಗುಡ್ಡ ಕಣೇ. ದಾರಿ ತಪ್ಪಿದ್ದೀಯ.”

“ಇಲ್ಲಪ್ಪಾ. ನಮ್ಮದೇ.”

ಈ ರಾಷ್ಟ್ರೀಯ ಉದ್ಯಾನ ಹುಟ್ಟಿದ ಕಾಲದಲ್ಲಿ, ಗುಡ್ಡದ ಏಣಿನುದ್ದಕ್ಕೂ ಬೆಂಕಿರೇಖೆಯನ್ನು ಕಡಿದವರು ಮುದುಕರ ತಂದೆ. ಹುಲ್ಲು, ತರಗೆಲೆ ಯಾವುದನ್ನೂ ಉಳಿಸದೆ ಕೆರೆದ ಅಗಲವಾದ ಪಟ್ಟಿ ಅದು. ಅಲ್ಲಿಗೆ ಬಂದ ಕಾಳ್ಗಿಚ್ಚು ತಿನ್ನಲು ಏನೂ ಸಿಗದೆ ಆರಿಹೋಗಬೇಕು. ತಂದೆಯ ನಂತರ ಇವರು, ಇವರ ನಂತರ ಮಗಳು. ಪಡುವಣ ಹುಲ್ಲುಗಾವಲಿನಿಂದ ಬೆಂಕಿ ಎಷ್ಟೋ ಬಾರಿ ಬಂದಿತ್ತು, ಒಮ್ಮೆಯೂ ದಾಟಿರಲಿಲ್ಲ. “ನಮ್ಮ ರೇಖೆ ಕಂಡ್ರೆ ಬೆಂಕಿ ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತೆ” ಎಂದು ಅವರು ನೆಂಟರ ಮುಂದೆ ಮೀಸೆ ತಿರುವುತ್ತಿದ್ದರು.

“ಯಜಮಾನ್ರೇ, ಎಲ್ಲಿ ದಾಟ್ತು ಅಂತ ನೀವೇ ಬಂದು ನೋಡಿ,” ಎಂದರು ಅಲ್ಲೇ ಕಾಯುತ್ತಿದ್ದ ಉದ್ಯಾನದ ಅಧಿಕಾರಿ.

ನಡೆಯುತ್ತ ಮುದುಕರು ಮಗಳನ್ನು ಗದರಿದರು. “ಗುಡಿಸಿರಲಿಲ್ಲವೇನೇ?”

“ಅಂಗೈ ಹಾಗೆ ಇಟ್ಟಿದ್ದೆ.”

“ಹಾಗಾದ್ರೆ ಯಾವನೋ ಪೋಲಿ ಈಚೆ ಕಡೆಯೂ ಹಚ್ಚಿದ್ದಾನೆ. ಬೆಂಕಿಗೇನು ರೆಕ್ಕೆ ಇದೆಯಾ?”

ಅಧಿಕಾರಿ ಮುಂದಕ್ಕೆ ಕೈ ತೋರಿಸಿದರು. ಬೋಳು ಪಟ್ಟಿಯ ನಟ್ಟನಡುವೆ ತೊಟ್ಟಿಲಮರ ನಿಂತಿತ್ತು.

ರೇಖೆ ಕಡಿದ ಮೊದಲ ವರ್ಷ ತಂದೆ ಉಳಿಸಿದ್ದು ಅದೊಂದನ್ನೇ. ಅದರ ತಗ್ಗಿನ ಕೊಂಬೆಗೆ ಬಟ್ಟೆಯ ತೊಟ್ಟಿಲು ಕಟ್ಟಿ, ಕೂಸನ್ನು ಮಲಗಿಸಿ, ಗಂಡಹೆಂಡತಿ ಹುಲ್ಲು ಕೆರೆಯುತ್ತಿದ್ದರು. ಆ ಕೂಸು ಇವರೇ. ಮುಂದೆ ಅದೇ ಕೊಂಬೆಯಲ್ಲಿ ಮಗಳೂ ತೂಗಿದ್ದಳು. ಮರ ಕಡಿಯಿರೆಂದ ಅಧಿಕಾರಿಗಳನ್ನೆಲ್ಲ ಅವರು ಬುಡ ತೋರಿಸಿ ವಾಪಸು ಕಳಿಸಿದ್ದರು: ಒಂದು ಎಲೆ ಇದ್ದರೆ ಹೇಳಿ!

ಈಗಲೂ ಬುಡ ಚೊಕ್ಕಟವಾಗಿಯೇ ಇತ್ತು. ಬೆಂಕಿ ಮೇಲಿನಿಂದ ಹೋಗಿತ್ತು. ವರ್ಷವರ್ಷಕ್ಕೂ ಹಬ್ಬಿದ ಕೊಂಬೆಗಳು ಒಂದು ಕಡೆ ಎತ್ತರದ ಹುಲ್ಲಿಗೂ ಇನ್ನೊಂದು ಕಡೆ ಕಾಡಿಗೂ ತಾಗಿಕೊಂಡಿದ್ದವು. ಪಡುವಣದ ಕೊಂಬೆ ಸುಟ್ಟಿತ್ತು, ಮೂಡಣದ್ದೂ ಸುಟ್ಟಿತ್ತು. ಟೊಳ್ಳಾದ ಕಾಂಡದೊಳಗೆ ಕೆಂಡ ಇನ್ನೂ ಕೆಂಪಗೆ ಉಸಿರಾಡುತ್ತಿತ್ತು.

ಮುದುಕರು ಒಂದು ಕೊಂಬೆಯ ತುದಿಯಿಂದ ಇನ್ನೊಂದರ ತುದಿಯವರೆಗೆ ಕಣ್ಣಾಡಿಸಿದರು.

“ಗಾಳಿ ಎದ್ರೆ ಇದರ ಕಿಡಿಯಿಂದ ಉಳಿದರ್ಧವೂ ಹೋಗುತ್ತೆ,” ಎಂದರು ಅಧಿಕಾರಿ. “ಅಷ್ಟರಲ್ಲಿ ನೀವೇ ಕೆಡವಿದ್ರೆ ರೇಖೆಯ ಕೆಲಸ ನಿಮ್ಮ ಮನೆಯವರಿಗೇ ಇರಲಿ ಅಂತ ನಾನು ಮೇಲಿನವರಿಗೆ ಹೇಳಬಹುದು. ಇಲ್ಲಾಂದ್ರೆ ನಾಳೆಯಿಂದ ಗುತ್ತಿಗೆಯವರು ಬರ್ತಾರೆ.”

ಮಗಳು ಯಂತ್ರದ ಗರಗಸವನ್ನೆತ್ತಿಕೊಂಡಳು. ಮುದುಕರು ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರು.

“ಅಪ್ಪಾ, ಪಕ್ಕಕ್ಕೆ ಸರಿ.”

“ನಿನ್ನನ್ನ ತೂಗಿದ ಮರ ಕಣೇ!”

“ಗೊತ್ತು. ಅದಕ್ಕೇ ಈ ವರ್ಷವೂ ಕೊಂಬೆ ಮುಟ್ಟಲಿಲ್ಲ. ನೋಡು, ಏನಾಯ್ತು ಅಂತ.” ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ಬೆನ್ನು ಸುಡ್ತಿಲ್ವೇನಪ್ಪಾ ನಿಂಗೆ?”

ಸುಡುತ್ತಿತ್ತು. ಕಾಂಡದ ಕಾವು ಅಂಗಿಯೊಳಗಿಂದ ಚರ್ಮಕ್ಕೆ ಇಳಿಯುತ್ತಿತ್ತು. ಅವರು ಬೆಚ್ಚಿ ಮುಂದಕ್ಕೆ ಹೆಜ್ಜೆಯಿಟ್ಟರು; ತಮ್ಮನ್ನು ಯಾರೋ ನೂಕಿದರೇನೋ ಎಂಬಂತೆ ಹಿಂದೆ ತಿರುಗಿ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ನಿಂತರು.

“ಅಡ್ಡಕ್ಕೆ ಬೀಳಿಸಬೇಡ. ರೇಖೆ ಉದ್ದಕ್ಕೆ ಬೀಳಿಸು. ಬುಡದ ಕಚ್ಚು ಈ ಕಡೆ ಹಾಕು.”

ಮರ ಬರಿಯ ಮಣ್ಣಿನ ಮೇಲೆ ಬಿತ್ತು. ಕಿಡಿಗಳು ಎಗರಿ, ತಿನ್ನಲೇನೂ ಇಲ್ಲದೆ, ಬಿದ್ದಲ್ಲೇ ಸತ್ತವು. ಅಧಿಕಾರಿ ಮಗಳ ಕೈ ಕುಲುಕಿ ಹೇಳಿದ್ದು ಮುದುಕರಿಗೆ ಕೇಳಿಸಲಿಲ್ಲ.

“ಇನ್ನು ಊಟದ ಹೊತ್ತಿಗೆ ನೆರಳಿಗೆ ಎಲ್ಲಿ ಕೂರ್ತೀರೇ?” ಎಂದರು.

“ಆಚೆ ಉಳಿದಿರೋ ಕಾಡೊಳಗೆ ಕೂರ್ತೀವಪ್ಪಾ.”

“ಹೌದಾ,” ಎಂದು ಅವರು, ಅಲ್ಲೊಂದು ಕಾಡಿರುವುದನ್ನು ಆಗಷ್ಟೇ ಕೇಳಿದವರಂತೆ, ಅತ್ತ ನೋಡುತ್ತ ನಿಂತರು.