ಸಾಲಿನ ತುದಿಯ ಕುರ್ಚಿ

ಭಾನುವಾರ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ನಾನು ನಲವತ್ತೈದು ಸಲ ಕೂತು ನಲವತ್ತೈದು ಸಲ ಎದ್ದೆ. ಇದು ಒಳ್ಳೆಯ ವ್ಯಾಯಾಮ ಎಂದು ಯಾರಾದರೂ ಹೇಳಿದರೆ ನನ್ನ ಎರಡೂ ಮಂಡಿಗಳನ್ನು ಅವರಿಗೇ ಬಿಚ್ಚಿಕೊಡುತ್ತೇನೆ. ನನ್ನ ಗಂಡ ಶಾಲೆಗಳಲ್ಲಿ ಗುಂಪು ಫೋಟೊ ತೆಗೆಯುವವರು. ಮೂವತ್ತು ಚಿಲ್ಲರೆ ವರ್ಷಗಳಿಂದ ಅದೇ ಕೆಲಸ, ಅದೇ ಲೆನ್ಸು. ಕ್ಯಾಮೆರಾದ ಹಿಂದೆ ನಿಂತು ‘ಸ್ಟೆಡಿ’ ಎಂದು ಕೂಗುವುದರಿಂದ ಮಕ್ಕಳ ಬಾಯಲ್ಲಿ ಅವರ ಹೆಸರೇ ಸ್ಟೆಡಿ ಮಾಮ. ಗುಂಪು ಫೋಟೊದ ಲೆನ್ಸನ್ನು ಪರೀಕ್ಷೆ ಮಾಡಲು ಒಂದು ಗುಂಪು ಬೇಕು. ರಜೆಯ ದಿನ ಗುಂಪನ್ನು ಎಲ್ಲಿಂದ ತರುವುದು? ಹೆಂಡತಿ ಇದ್ದಾಳಲ್ಲ, ಒಬ್ಬಳೇ ಒಂಬತ್ತು ಜನರಾಗುತ್ತಾಳೆ.

ಈ ಪರೀಕ್ಷೆಯೇನೂ ಅವರಾಗಿ ಬಯಸಿದ್ದಲ್ಲ. ಹೋದ ವರ್ಷದ ಫೋಟೊಗಳನ್ನು ತಂದೆತಾಯಂದಿರು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ಸಾಲಿನ ಎರಡೂ ತುದಿಯ ಮಕ್ಕಳ ಮುಖ ಮಸುಕಾಗಿದೆ ಎಂದು ಶಾಲೆಗೆ ದೂರು ಕೊಟ್ಟಿದ್ದರು. ಮುಖ್ಯ ಶಿಕ್ಷಕಿ ಇವರನ್ನು ಕರೆಸಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಸ್ಪಷ್ಟವಾಗಿರುವ ಒಂದು ಮಾದರಿ ಚಿತ್ರ ತೋರಿಸಿ, ಆಮೇಲೆ ಈ ವರ್ಷದ ಮಾತು ಎಂದುಬಿಟ್ಟರು. ಇವರು ಯಾವತ್ತಿನ ಉತ್ತರವನ್ನೇ ಕೊಟ್ಟು ಬಂದರು. ನಡುವೆ ನಿಂತ ಮಕ್ಕಳನ್ನು ಎರಡೂ ಕಡೆಯವರು ಒತ್ತಿ ಹಿಡಿದಿರುತ್ತಾರೆ. ತುದಿಯ ಮಕ್ಕಳಿಗೆ ಒಂದು ಕಡೆ ಬಯಲು, ಹಿಡಿಯುವವರಿಲ್ಲ, ಅದಕ್ಕೇ ಅಲ್ಲಾಡುತ್ತಾರೆ. ಈ ಸಿದ್ಧಾಂತವನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ.

ಈ ಸಿದ್ಧಾಂತಕ್ಕೆ ಬಲಿಯಾದವಳು ನಮ್ಮ ಮಗಳು. ಅವಳು ಓದಿದ ಶಾಲೆಯಲ್ಲೂ ಇವರೇ ಫೋಟೊ ತೆಗೆಯುತ್ತಿದ್ದುದು. ಸ್ವಂತ ಮಗಳನ್ನು ನಡುವೆ ನಿಲ್ಲಿಸಿಕೊಂಡರೆ ನೋಡಿದವರು ಏನಂದುಕೊಂಡಾರು ಎಂದು ಒಂದನೇ ತರಗತಿಯಲ್ಲೇ ಅವಳನ್ನು ಸಾಲಿನ ತುದಿಗೆ ಕಳಿಸಿದರು. ಫೋಟೊ ತೊಳೆದು ಬಂದಾಗ ಅವಳ ಮುಖ ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗಿತ್ತು. ಮರುವರ್ಷವೂ ಹಾಗೆಯೇ, ಅದರ ಮರುವರ್ಷವೂ ಹಾಗೆಯೇ. ‘ಅಲ್ಲಾಡಿದೆ’ ಎಂದು ಇವರು, ‘ಇಲ್ಲಪ್ಪ, ನಾನು ಅಲ್ಲಾಡಲಿಲ್ಲ’ ಎಂದು ಅವಳು. ಫೋಟೊ ತೆಗೆಯುವವನ ಮಗಳಿಗೇ ಒಂದು ನಿಮಿಷ ನೆಟ್ಟಗೆ ನಿಲ್ಲಲು ಬರುವುದಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅಲ್ಲಾಡಮ್ಮ ಎಂಬ ಹೆಸರು ಹಾಗೆ ಬಂತು. ಅತ್ತೆ, ಮಾವ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಹಾಗೇ ಕರೆದರು.

ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ನಗು ಮುಗಿದಿತ್ತು. ಪ್ರತಿ ವರ್ಷ ಒಂದು ಫೋಟೊ ಹಾಳಾಗುವುದು ಬೇಡ ಎಂದು ಇವರು ಮಗಳನ್ನು ಸಾಲಿನಿಂದ ಹೊರಗೆ ಕರೆದು ಕ್ಯಾಮೆರಾದ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆ ವರ್ಷದ ಫೋಟೊದಲ್ಲಿ ಅವಳಿಲ್ಲ. ಹತ್ತನೆಯದರಲ್ಲೂ ಇಲ್ಲ. ಅವಳ ಜಾಗಕ್ಕೆ ಬಂದ ಹುಡುಗಿಯ ಮುಖವೂ ಮಸುಕಾಯಿತು. ‘ಇವಳೂ ಅಲ್ಲಾಡಿದಳು ನೋಡು’ ಎಂದರು. ಆಗಲಾದರೂ ನಮಗೆ ಹೊಳೆಯಬೇಕಿತ್ತು. ಈಗ ಮಗಳಿಗೆ ಮೂವತ್ತೊಂದು ವರ್ಷ. ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿಯಲ್ಲಿ ಒಂದು ಮಾತ್ರೆಯ ಪಟ್ಟಿ ಕಾಣದಿದ್ದರೆ, ಯಾರೂ ಕೇಳುವ ಮೊದಲೇ ‘ನನ್ನಿಂದಲೇ ಆಗಿರಬೇಕು’ ಎನ್ನುತ್ತಾಳಂತೆ. ಅವಳ ಜೊತೆ ಕೆಲಸ ಮಾಡುವವಳು ಅದನ್ನು ಗುಣವೆಂದುಕೊಂಡು ನನ್ನೆದುರು ಹೊಗಳಿದಳು.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಕಟ್ಟಡದ ಮೇಲಿನ ಬಯಲು ತಾರಸಿಯಲ್ಲಿ ಒಂಬತ್ತು ಆಸನಗಳ ಸಾಲು: ನಮ್ಮ ಮನೆಯ ನಾಲ್ಕು ಕುರ್ಚಿ, ಎರಡು ಸ್ಟೂಲು, ಕೆಳಮನೆಯವರ ಮೂರು. ಕುರ್ಚಿಗಳನ್ನು ಮೂರು ಮಹಡಿ ಹತ್ತಿಸಿದ್ದು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಲೆನ್ಸಿನೊಳಗೆ ತೆಳ್ಳಗಿನ ಎಸಳುಗಳಿರುತ್ತವೆ. ಉಂಗುರ ತಿರುಗಿಸಿದರೆ ಅವು ಸರಿದು ನಡುವಿನ ಕಿಂಡಿ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ. ಅದಕ್ಕೆ ಅಪರ್ಚರ್ ಎನ್ನುತ್ತಾರೆ. ಉಂಗುರದ ಮೇಲೆ ಅಂಕಿಗಳಿವೆ: ನಾಲ್ಕು, ಐದೂವರೆಯ ಹತ್ತಿರದ್ದೊಂದು, ಎಂಟು, ಹನ್ನೊಂದು, ಹದಿನಾರು. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇಂಥ ತಲೆಕೆಳಗಿನ ಲೆಕ್ಕವನ್ನು ಗಂಡಸರೇ ಕಂಡುಹಿಡಿದಿರಬೇಕು. ಕಿಂಡಿ ತೀರಾ ದೊಡ್ಡದಾದರೂ ಚಿತ್ರ ಕೆಡುತ್ತದೆ, ತೀರಾ ಚಿಕ್ಕದಾದರೂ ಕೆಡುತ್ತದೆ. ನಡುವೆ ಎಲ್ಲೋ ಒಂದು ಕಡೆ ಲೆನ್ಸು ತನ್ನ ಕೈಲಾದ ಮಟ್ಟಿಗೆ ಒಳ್ಳೆಯದನ್ನು ಕೊಡುತ್ತದೆ. ಅದು ಯಾವ ಅಂಕಿ ಎಂದು ಕಂಡುಕೊಳ್ಳುವುದೇ ಪರೀಕ್ಷೆ.

ಇವರದು ಯಾವಾಗಲೂ ನಾಲ್ಕು. ಲೆನ್ಸು ಕೊಂಡ ವರ್ಷ ಗೋಡೆಗೆ ಒಂದು ದಿನಪತ್ರಿಕೆಯ ಹಾಳೆ ಅಂಟಿಸಿ ನಾಲ್ಕರಲ್ಲಿ ಫೋಟೊ ತೆಗೆದು, ಭೂತಗನ್ನಡಿಯಲ್ಲಿ ನೋಡಿದ್ದರು. ಅತಿ ಸಣ್ಣ ಅಕ್ಷರವೂ ಕೂದಲೆಳೆಯಷ್ಟು ಸ್ಪಷ್ಟವಾಗಿತ್ತು. ಕಿಂಡಿ ದೊಡ್ಡದಿದ್ದರೆ ಬೆಳಕು ಹೆಚ್ಚು, ಬೇಗ ಕ್ಲಿಕ್ ಮಾಡಿ ಮುಗಿಸಬಹುದು, ಮಕ್ಕಳ ಫೋಟೊಕ್ಕೆ ಇದೇ ಸರಿ ಎಂದು ಆ ಅಂಕಿಯ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟರು. ಗೋಡೆ ಅಷ್ಟಗಲ ಇತ್ತು, ಪತ್ರಿಕೆ ಇದ್ದದ್ದು ನಡುವೆ ಮಾತ್ರ. ತುದಿಯಲ್ಲಿ ಬರೀ ಸುಣ್ಣ. ಸುಣ್ಣ ಮಸುಕಾದರೆ ಯಾರಿಗೆ ಗೊತ್ತಾಗುತ್ತದೆ?

ಒಂದೊಂದು ಅಂಕಿಗೂ ಒಂಬತ್ತು ಆಸನ, ಒಂಬತ್ತು ಚಿತ್ರ. ಕೂರು, ಕದಲಬೇಡ, ಸ್ಟೆಡಿ, ಏಳು, ಮುಂದಿನ ಕುರ್ಚಿ. ಇಪ್ಪತ್ತರ ನಂತರ ನಾನು ಮಾತು ಬಿಟ್ಟೆ. ಮೂವತ್ತರ ನಂತರ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಆದರೂ ರೆಪ್ಪೆ ಮಿಟುಕಿಸಲಿಲ್ಲ. ಮುಗಿದಾಗ ಸೊಂಟ ಹಿಡಿದುಕೊಂಡು ಕೆಳಗಿಳಿದು, ಇಬ್ಬರೂ ಕಂಪ್ಯೂಟರಿನ ಮುಂದೆ ಮಂಚದ ಮೇಲೆ ಕೂತೆವು. ನಾಲ್ಕರಲ್ಲಿ, ನಡುವಿನ ಕುರ್ಚಿಯ ನಾನು ಹುಬ್ಬಿನ ಬಿಳಿ ಕೂದಲ ಸಮೇತ ಇದ್ದೆ. ಅದೇ ನಾಲ್ಕರಲ್ಲಿ, ತುದಿಯ ಕುರ್ಚಿಯ ನನಗೆ ಮೂಗು ಇತ್ತು ಎಂದು ಊಹಿಸಿಕೊಳ್ಳಬೇಕಿತ್ತು.

ಇವರು ಕನ್ನಡಕವನ್ನು ಹಣೆಗೆ ಏರಿಸಿ, ತುಸು ನೋಡಿ, ‘ನೀನು ಅಲ್ಲಾಡಿದ್ದೀಯ’ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕಲ್ಲಿನ ಹಾಗೆ ಕೂತವಳಿಗೆ ಹೇಳುವ ಮಾತೇ ಇದು? ಬೇರೆ ದಿನವಾಗಿದ್ದರೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅವತ್ತು ಸುಸ್ತಿನಲ್ಲಿ ಜಗಳವಾಡಲೂ ಕಸುವಿರಲಿಲ್ಲ. ಬಚ್ಚಲಿಗೆ ಹೋಗಿ ಕೆಂಪು ಬಕೆಟ್ ತಂದೆ. ಅದಕ್ಕೆ ಅರ್ಧದಷ್ಟು ನೀರು ತುಂಬಿ, ಹೊರಮೈಗೆ ಪತ್ರಿಕೆಯ ಒಂದು ಹಾಳೆ ಅಂಟಿಸಿ, ಇವರ ಮುಂದೆ ಇಟ್ಟೆ.

‘ಇದನ್ನ ಕೊನೇ ಕುರ್ಚೀಲಿ ಕೂರಿಸಿ. ಇದೂ ಅಲ್ಲಾಡತ್ತಾ ನೋಡೋಣ.’

ಇವರು ಮುಖ ಊದಿಸಿಕೊಂಡೇ ಬಕೆಟ್ ಹೊತ್ತು ಮಹಡಿ ಹತ್ತಿದರು. ನಾನೂ ಹಿಂದೆಯೇ ಹೋದೆ, ಕಳ್ಳನನ್ನು ಕಾಯುವ ಹಾಗೆ. ಐದು ಅಂಕಿ, ಐದು ಚಿತ್ರ. ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲಿತ್ತು, ಬಕೆಟ್ ಕುರ್ಚಿಯ ಮೇಲೆ, ಗಾಳಿ ಎಳ್ಳಷ್ಟೂ ಇರಲಿಲ್ಲ. ಕೆಳಗೆ ಬಂದು ತೆರೆದು ನೋಡಿದರೆ, ನಾಲ್ಕರಲ್ಲಿ ಪತ್ರಿಕೆಯ ಅಕ್ಷರಗಳು ಕಲಸಿದ ಬೂದಿ. ಮುಂದಿನದರಲ್ಲಿ ಸಾಲುಗಳು ಮೂಡಿದವು. ಎಂಟರಲ್ಲಿ ಮೇಲಿನ ತಲೆಬರಹದಿಂದ ಹಿಡಿದು ಕೆಳಗಿನ ಸಣ್ಣ ಜಾಹೀರಾತಿನವರೆಗೆ ಓದಲು ಬಂತು. ಹನ್ನೊಂದರಲ್ಲೂ ಪರವಾಗಿಲ್ಲ. ಹದಿನಾರರಲ್ಲಿ ಮತ್ತೆ ಎಲ್ಲವೂ ಸ್ವಲ್ಪ ಮಂಕು. ಇವರು ಎಂಟಕ್ಕೆ ಹೋದರು, ನಾಲ್ಕಕ್ಕೆ ಬಂದರು, ಮತ್ತೆ ಎಂಟಕ್ಕೆ ಹೋದರು. ಎಂಟು ಅಂಕಿಯಲ್ಲಿ ನಾನು ಕೂತ ಒಂಬತ್ತು ಚಿತ್ರಗಳನ್ನೂ ಸಾಲಾಗಿ ತೆರೆದರು. ಒಂಬತ್ತು ನಾನುಗಳೂ ಒಂದೇ ಸಮ ಸ್ಪಷ್ಟ, ಒಂದೇ ಸಮ ದಣಿದವರು.

ಶಾಲೆಗೆ ತೋರಿಸಲು ಮಾದರಿ ಸಿಕ್ಕಿತ್ತು. ಇವರಿಗೆ ಖುಷಿಯಾಗಬೇಕಿತ್ತು. ಮೌಸಿನ ಮೇಲಿಂದ ಕೈ ತೆಗೆದರು.

‘ಹಾಗಾದ್ರೆ ಅವಳು ಅಲ್ಲಾಡಿರ್ಲಿಲ್ಲ’ ಎಂದೆ.

ಇವರು, ಅದೆಲ್ಲ ಹಳೆಯ ಕಥೆ, ಅವಳೂ ಮರೆತಿರುತ್ತಾಳೆ, ಈಗೇಕೆ ಕೆದಕುವುದು ಎಂದು ಶುರುಮಾಡಿದರು. ನಾನು ಬಿಡಲಿಲ್ಲ. ಊಟಕ್ಕೆ ಬರುತ್ತಾಳೆ, ಇವತ್ತೇ ಹೇಳಬೇಕು, ನೀವೇ ಹೇಳಬೇಕು, ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲಬಾರದು ಎಂದು ಪಟ್ಟು ಹಿಡಿದೆ. ಅಷ್ಟು ವರ್ಷ ಆ ಹುಡುಗಿಯನ್ನು ಸುಳ್ಳಿ ಮಾಡಿದಿರಲ್ಲ ಎಂದೆ. ಗಂಡ ತಲೆ ತಗ್ಗಿಸಿ ಕೂತಿದ್ದರು. ಬಯ್ಯುವುದಕ್ಕೆ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂಬಂತೆ ನಾನು ಬಯ್ದೆ. ನಿಜ ಹೇಳಬೇಕೆಂದರೆ, ಬಯ್ಯುತ್ತ ಬಯ್ಯುತ್ತ ನನ್ನ ಮನಸ್ಸು ಹಗುರಾಗುತ್ತಿತ್ತು.

ಮಗಳು ಒಂದು ಗಂಟೆಗೆ ಬಂದಳು. ವಾರವಿಡೀ ಕೌಂಟರಿನಲ್ಲಿ ನಿಂತು ಕಾಲು ಬಾತುಕೊಂಡಿತ್ತು. ಚಪ್ಪಲಿ ಬಿಟ್ಟು ಮೊದಲು ಕುರ್ಚಿ ಹುಡುಕಿದಳು. ಕುರ್ಚಿಗಳೆಲ್ಲ ಮೇಲೆ ಇದ್ದವು. ನೆಲದ ಮೇಲೇ ಕೂತು ಊಟ ಮಾಡಿದೆವು. ಊಟವಾದ ಮೇಲೆ ಇವರು ಅವಳನ್ನು ಕಂಪ್ಯೂಟರಿನ ಬಳಿ ಕರೆದು, ಬಕೆಟ್ಟಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ನಾಲ್ಕು ಯಾವುದು, ಎಂಟು ಯಾವುದು ಎಂದು ಪಾಠದ ಹಾಗೆ ವಿವರಿಸಿದರು. ಪಾಠ ಮುಗಿಯಿತು. ಮಗಳ ಕಡೆ ತಿರುಗಿದರು.

‘ತಪ್ಪು ಲೆನ್ಸಿಂದು. ಅಂದ್ರೆ ನಂದು. ನೀನು ಯಾವತ್ತೂ ಅಲ್ಲಾಡಿರ್ಲಿಲ್ಲ.’

ಮಗಳು ಬಕೆಟ್ಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ‘ಬಕೆಟ್ಟಿಗೂ ಬೈದ್ಯಾ ಅಪ್ಪ?’ ಎಂದು ಕೇಳಿ ಸ್ವಲ್ಪ ನಕ್ಕಳು. ಇವರ ಕಣ್ಣು ತುಂಬಿತ್ತು. ಅವಳು ಇವರ ಭುಜದ ಮೇಲೆ ಕೈಯಿಟ್ಟು, ಹೋಗಲಿ ಬಿಡು, ನೀನು ಆ ಕ್ಯಾಮೆರಾ ಡಬ್ಬದ ಹಿಂದೆ ಇದ್ದೆ, ಡಬ್ಬ ತೋರಿಸಿದ್ದನ್ನು ನಂಬಿದೆ, ನೀನಾದರೂ ಏನು ಮಾಡುತ್ತಿದ್ದೆ ಎಂದಳು. ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಒಳ್ಳೆಯ ಕೆಲಸ ಮಾಡಿಸಿದೆ ಎಂಬ ಸಮಾಧಾನದಲ್ಲಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟೆ.

ಅವಳು ಒರೆಸುವ ಬಟ್ಟೆ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಎರಡು ತಟ್ಟೆ ಒರೆಸಿಟ್ಟಳು.

‘ಅಪ್ಪ ನೋಡಿರ್ಲಿಲ್ಲ. ನೀನು ನೋಡಿದ್ದೆಯಲ್ಲಮ್ಮ.’

ಇದನ್ನು ನಾನು ಇಲ್ಲಿಯವರೆಗೆ ಹೇಳಿಲ್ಲ. ಮೂರನೇ ತರಗತಿಯಿಂದ ಎಂಟನೇ ತರಗತಿಯವರೆಗೆ, ಪ್ರತಿ ವರ್ಷ ಫೋಟೊದ ಹಿಂದಿನ ದಿನ ಸಂಜೆ, ನಾನು ಅವಳನ್ನು ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದೆ. ನಾನು ನೂರರವರೆಗೆ ಎಣಿಸಬೇಕು, ಅವಳು ಕದಲಬಾರದು. ಅವಳು ಕದಲುತ್ತಿರಲಿಲ್ಲ. ಏಳನೇ ತರಗತಿಯಲ್ಲಿ ಇನ್ನೂರರವರೆಗೆ ಎಣಿಸಿದೆ. ಕೆನ್ನೆಯ ಮೇಲೆ ನೊಣ ಕೂತು, ತುಟಿಯವರೆಗೆ ನಡೆದು, ಹಾರಿಹೋಯಿತು; ಮಗು ರೆಪ್ಪೆ ಬಡಿಯಲಿಲ್ಲ. ಇಷ್ಟು ಚೆನ್ನಾಗಿ ನಿಲ್ಲುವವಳು ಅಲ್ಲಿ ಹೋಗಿ ಅಲ್ಲಾಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ವಾರದ ಮೇಲೆ ಮಸುಕಾದ ಫೋಟೊ ಮನೆಗೆ ಬಂದಾಗ ಅವಳು ನನ್ನ ಮುಖ ನೋಡಿದಳು. ನಾನೂ ‘ಅಲ್ಲಾಡಿದ್ದೀಯ’ ಎಂದೆ. ಅವರಿಗೆ ಕ್ಯಾಮೆರಾ ಗೊತ್ತು, ನನಗೆ ಏನು ಗೊತ್ತು ಎಂದುಕೊಂಡೆ. ನನಗೆ ನನ್ನ ಮಗಳು ಗೊತ್ತಿದ್ದಳು, ಅದು ಸಾಕೆಂದು ಅನ್ನಿಸಲಿಲ್ಲ. ಮನೆಯಲ್ಲಿ ಮಾತು ಬೆಳೆಯುವುದು ಬೇಡ ಎಂಬ ಆಸೆಯೂ ಇತ್ತು.

‘ಅಪ್ಪ ಅಂದಾಗ ನಂಗೆ ಸಿಟ್ಟು ಬರ್ತಿತ್ತು ಅಷ್ಟೆ’ ಎಂದಳು. ‘ನೀನೂ ಅಂದ್ಮೇಲೆ, ನಂಗೇ ಗೊತ್ತಾಗದ ಹಾಗೆ ಅಲ್ಲಾಡ್ತೀನೇನೋ ಅಂತ ನಂಬೋಕೆ ಶುರು ಮಾಡ್ದೆ. ಈಗ್ಲೂ ಹಾಗೇ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಊಟಕ್ಕೆ ಮೊದಲು ಗಂಡನಿಗೆ ಅಂದ ಮಾತುಗಳೆಲ್ಲ ಒಂದೊಂದಾಗಿ ನನ್ನ ಕಿವಿಗೇ ಕೇಳಿಸತೊಡಗಿದವು. ನಾಚಿಕೆಯಿಂದ ಕುಗ್ಗಿಹೋದೆ. ಅವಳ ಕಡೆ ತಿರುಗುವ ಧೈರ್ಯ ಬರಲಿಲ್ಲ. ತಟ್ಟೆಯನ್ನು ಉಜ್ಜುತ್ತ, ನೀರಿನ ಸದ್ದಿನೊಳಗೆ, ತಪ್ಪಾಯಿತು ಎಂದು ಗೊಣಗಿದೆ.

ಅವಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು.

‘ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು.’

ಹಜಾರದಲ್ಲಿ ಇವರೂ ಮೌಸು ಒತ್ತುವುದನ್ನು ನಿಲ್ಲಿಸಿದ್ದರು. ನಾನು ತಟ್ಟೆ ಹಿಡಿದುಕೊಂಡೇ ಅವಳ ಕಡೆ ತಿರುಗಿದೆ.

‘ನೀನು ಅಲ್ಲಾಡಿರ್ಲಿಲ್ಲ. ನಾನು ನೋಡಿದ್ದೆ. ನೋಡಿದ್ರೂ ಅಲ್ಲಾಡ್ದೆ ಅಂತ ಅಂದೆ.’

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ‘ಹ್ಞೂಂ’ ಎಂದು, ನಲ್ಲಿ ಬಿಟ್ಟು, ನನ್ನ ಕೈಯಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡಳು.